ಬಂಡೆ ಹತ್ತಿದರೆ ಸಿಗುವ ನೆಟ್‌ವರ್ಕ್

"ಆ ಕಣಿವೆಗಾ? ಅಲ್ಲಿಗೆ ಹಳದಿ ಸಿಮ್ ತಗೊಂಡು ಹೋಗಿ ಏನು ಮಾಡ್ತೀರಿ ಯಜಮಾನ್ರೇ? ಟೈಮ್ ನೋಡ್ಕೊಳ್ಳೋಕ್ಕಾ?"

ಅಂಗಡಿಯಾಕೆ ತನ್ನ ಮಾತಿಗೆ ತಾನೇ ನಕ್ಕು, ಗಾಜು ಒಡೆದ ಫೋನೊಂದನ್ನು ಪಕ್ಕಕ್ಕೆ ಸರಿಸಿದಳು. ಹಾಸಿಗೆಯವರು ನಗಲಿಲ್ಲ. ಊರಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆಯೇ. ಹತ್ತಿಯ ಹಾಸಿಗೆ ಹೊಲಿಯುವುದು ಅವರಿಗೆ ತಂದೆಯಿಂದ ಬಂದ ಕೆಲಸ. ಎಷ್ಟು ಕೊಡವಿಕೊಂಡರೂ ಹುಬ್ಬಿನಲ್ಲೋ ತೋಳಿನಲ್ಲೋ ಒಂದಿಷ್ಟು ಹತ್ತಿ ಉಳಿದೇ ಇರುತ್ತಿತ್ತು. ದೂರದ ಬೀದಿಯ ಈ ಅಂಗಡಿಗೆ ಅವರು ಬಂದದ್ದು ಅದೇ ಮೊದಲು. ಬಾಗಿಲಿನ ಒಂದು ಪಕ್ಕದಲ್ಲಿ ಹಳದಿ ಕಂಪನಿಯ ಬೋರ್ಡು, ಇನ್ನೊಂದು ಪಕ್ಕದಲ್ಲಿ ಹಸಿರು ಕಂಪನಿಯದು. ಒಂದು ಕಡೆಯವರೇ ಆದರೆ ತಮ್ಮದನ್ನೇ ಹೊಗಳುತ್ತಾರೆ, ಎರಡನ್ನೂ ಮಾರುವವರು ನಿಜ ಹೇಳುತ್ತಾರೆ ಎಂದು ಯೋಚಿಸಿಯೇ ಅವರು ಇಷ್ಟು ದೂರ ನಡೆದು ಬಂದಿದ್ದರು.

"ಹಳದಿ ಅಲ್ಲಿ ಸಿಗೋದೇ ಇಲ್ವೇನಮ್ಮಾ?"

"ಸಿಗುತ್ತೆ. ಬಂಡೆ ಹತ್ತಬೇಕು." ಆಕೆ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸಿದಳು. "ನನ್ನ ತಮ್ಮ ಆ ಬೆಟ್ಟದ ದೇಶಕ್ಕೆ ಸಿಮೆಂಟ್ ಲಾರಿ ಹೊಡೀತಾನೆ. ಹಳದಿಯವರ ಟವರ್ ಬೆಟ್ಟದ ಆಚೆ ಮಗ್ಗುಲಲ್ಲಿದೆಯಂತೆ. ರಸ್ತೆ ಕೆಲಸದೋರ ಕ್ಯಾಂಪಿದೆಯಲ್ಲ, ಅದರ ಹಿಂದೆ ಒಂದು ಬಂಡೆ. ಅದರ ಮೇಲೆ ನಿಂತ್ರೆ ಹಲೋ, ಇಳಿದ್ರೆ ಡಬ್ಬ. ಹಸಿರಾದ್ರೆ ಹಾಗಲ್ಲ. ಕ್ಯಾಂಪಲ್ಲೇ ಹಾಸಿಗೆ ಮೇಲೆ ಕಾಲು ಚಾಚ್ಕೊಂಡು ಮಾತಾಡ್ಬಹುದು."

"ಹಸಿರಿನ ಟವರು... ಈಚೆಗೆ ಬಂದಿದ್ದಾ?"

"ಎಲ್ಲಿಯ ಈಚೆಗೆ! ರಸ್ತೆ ಕೆಲಸ ಶುರುವಾದಾಗಿಂದಾನೂ ಇದೆ. ಅಲ್ಲಿ ಕೆಲಸಕ್ಕೆ ಹೋಗೋರಿಗೆಲ್ಲ ನಾನು ಹಸಿರೇ ಕೊಟ್ಟು ಕಳಿಸೋದು. ಕೊಡ್ಲಾ?"

ಹಾಸಿಗೆಯವರು ಗಾಜಿನ ಮೇಜನ್ನು ಹಿಡಿದುಕೊಂಡರು. ಮೇಜಿನೊಳಗೆ ಬಣ್ಣಬಣ್ಣದ ಫೋನ್ ಕವರುಗಳು ಸಾಲಾಗಿದ್ದವು. "ಮನೆಯಲ್ಲಿ ಕೇಳಿ ಬರ್ತೀನಿ" ಎಂದು ಹೊರಗೆ ಬಂದರು. ಬೀದಿಯ ತಿರುವಿನವರೆಗೂ ತಾವು ನಡೆದುಬಂದದ್ದು ಅವರಿಗೆ ತಿಳಿಯಲೇ ಇಲ್ಲ.

ಆ ಕ್ಯಾಂಪಿನಲ್ಲಿ ಅವರ ಮಗ ಗುಡ್ಡ ಕಡಿಯುವ ಯಂತ್ರ ನಡೆಸುತ್ತಿದ್ದ. ಹಿಂದಿನ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ, ಮನೆಗೆ ಫೋನ್ ಮಾಡಲು ಬಂಡೆ ಹತ್ತಿದ್ದಾಗ ಮೇಲಿನ ಗುಡ್ಡ ಜಾರಿತು. ಕೆಳಗಿದ್ದ ಕ್ಯಾಂಪಿಗೆ ಒಂದು ಕಲ್ಲೂ ತಾಗಲಿಲ್ಲ. ಅವನೊಬ್ಬನೇ ಹೋದ. ಮೇಸ್ತ್ರಿ ಅಳುತ್ತ ಹೇಳಿದ್ದ ಈ ಮಾತನ್ನು ಹಾಸಿಗೆಯವರು ತಮ್ಮೊಳಗೆ ಒಂದು ರೀತಿಯಲ್ಲಿ ಜೋಡಿಸಿಟ್ಟುಕೊಂಡಿದ್ದರು. ಎಲ್ಲರೂ ಹತ್ತುವ ಬಂಡೆ, ಆ ಹೊತ್ತಿಗೆ ಅವನ ಸರದಿ. ದೇವರು ಕೊಟ್ಟ, ದೇವರು ಕರೆದುಕೊಂಡ. ಅಷ್ಟನ್ನು ಹಿಡಿದುಕೊಂಡು ಅವರು ಮತ್ತೆ ದಬ್ಬಣ ಕೈಗೆತ್ತಿಕೊಂಡಿದ್ದರು, ಊಟ ಮಾಡಿದ್ದರು, ಹೆಂಡತಿಗೆ ಧೈರ್ಯ ಹೇಳಿದ್ದರು.

ಈಗ ಆ ಬಂಡೆಯನ್ನು ಎಲ್ಲರೂ ಹತ್ತಬೇಕಾಗಿರಲಿಲ್ಲ ಎಂದು ತಿಳಿಯಿತು.

ಮಗ ಹೊರಡುವ ಮುಂಚೆ ಕೇಳಿದ್ದ. ಆ ಮಾತನ್ನು ಮರೆತಿದ್ದೇನೆಂದು ಅವರು ತಿಳಿದಿದ್ದರು, ಮರೆತಿರಲಿಲ್ಲ. ಹಿಂಜಿದ ಹತ್ತಿಯ ರಾಶಿಗೆ ಒರಗಿ ಕೂತು ಅವನು, "ಅಪ್ಪಾ, ಅಲ್ಲಿ ಹಸಿರು ಚೆನ್ನಾಗಿ ಸಿಗುತ್ತಂತೆ. ಬದಲಾಯಿಸ್ಲಾ?" ಎಂದಿದ್ದ. ಮನೆಯ ನಾಲ್ಕು ಜನರ ನಂಬರುಗಳೂ ಒಂದರ ಹಿಂದೆ ಒಂದು ಬರುವಂತೆ ಹಾಸಿಗೆಯವರು ಹಳದಿ ಕಂಪನಿಯಲ್ಲಿ ಹುಡುಕಿಸಿ ಕೊಂಡಿದ್ದರು. ಕೊನೆಯ ಅಂಕಿ ಅವರದು ಒಂದು, ಹೆಂಡತಿಯದು ಎರಡು, ಮಗಳದು ಮೂರು, ಮಗನದು ನಾಲ್ಕು. ಗಿರಾಕಿಗಳಿಗೆ ಅದನ್ನು ಹೇಳುವುದೆಂದರೆ ಅವರಿಗೆ ಹಿಗ್ಗು. ಅವರ ಕಡೆ ಕಂಪನಿ ಬದಲಾದರೆ ಹಳೆಯ ನಂಬರು ಉಳಿಯುತ್ತಿರಲಿಲ್ಲ. ಅವರು ಬಾಯಲ್ಲಿದ್ದ ದಾರವನ್ನು ತೆಗೆದು, "ಸಾಲು ಕೆಡಿಸಬೇಡ ಕಣೋ" ಎಂದಿದ್ದರು. ಮಗ ನಕ್ಕು ಎದ್ದು ಹೋಗಿದ್ದ.

ಮನೆಯಲ್ಲಿ ಮಗಳು ಊದಿದ ಕಾಲುಗಳನ್ನು ದಿಂಬಿನ ಮೇಲಿಟ್ಟು ಮಂಚದಲ್ಲಿ ಕೂತಿದ್ದಳು. ಚೊಚ್ಚಲ ಬಸಿರು, ಡಾಕ್ಟರು ಅಲುಗಾಡಬೇಡ ಎಂದಿದ್ದರು. ಅವಳಿಗೆ ಅಪ್ಪ ಅಮ್ಮ ಆ ಕಡೆಗೆ ಹೋಗುವುದೇ ಬೇಕಿರಲಿಲ್ಲ. ಆದರೆ ಮಗನ ಜೊತೆಗಾರರು ಬಂಡೆಯ ಬುಡದಲ್ಲಿ ಅವನ ಹೆಸರಿನ ಕಲ್ಲು ನಿಲ್ಲಿಸಿದ್ದಾರೆ, ರಸ್ತೆ ತೆರೆದಿದೆ, ಬನ್ನಿ ಎಂದು ಮೇಸ್ತ್ರಿ ಫೋನ್ ಮಾಡಿದಾಗ ತಾಯಿ ಹಟ ಹಿಡಿದಿದ್ದಳು. ಕೊನೆಗೆ ಮಗಳು ಒಂದು ಕರಾರಿನ ಮೇಲೆ ಒಪ್ಪಿದ್ದಳು: ದಿನಾ ಸಂಜೆ ಫೋನ್ ಬರಬೇಕು.

"ಯಾವುದಂತಪ್ಪಾ? ಕೇಳಿದ್ರಾ?"

"ಎರಡೂ ಒಂದೇ ಅಂತೆ. ನಮ್ಮ ಹಳದಿಯೇ ಸಾಕು."

"ಹೇಗೆ ಸಾಕು? ಅದಕ್ಕೆ ಬಂಡೆ ಹತ್ತಬೇಕಲ್ಲ! ನೀವು, ನಿಮ್ಮ ಬೆನ್ನು, ಅಮ್ಮ, ಅವಳ ಮೊಣಕಾಲು. ಇಬ್ಬರೂ ಆ ಬಂಡೆ ಮೇಲೆ ನಿಂತ್ಕೊಂಡು 'ಮಗಳೇ, ಚೆನ್ನಾಗಿದ್ದೀವಿ' ಅಂತ ಹೇಳ್ತೀರಾ? ನನಗೆ ಇಲ್ಲೇ ಹೆರಿಗೆ ಆಗಿಹೋಗುತ್ತೆ."

ಹೆಂಡತಿ ಸ್ವೆಟರುಗಳನ್ನು ಮಡಚುತ್ತಿದ್ದಳು. ತಲೆಯೆತ್ತದೆ, "ನಾನು ಮೊದಲೇ ಹೇಳ್ದೆ, ನೀವು ಅಂಗಡಿಗೆ ಹೋಗಬೇಡಿ, ಅಳಿಯಂದಿರು ಸಿಮ್ ತಂದುಕೊಡ್ತಾರೆ ಅಂತ. ನಿಮಗೆ ಎಲ್ಲಾನೂ ನೀವೇ ಕೇಳಿ ತಿಳ್ಕೋಬೇಕು" ಎಂದಳು. ಮಾತಿನಲ್ಲಿ ಎಂದೂ ಇಲ್ಲದ ಖಾರವಿತ್ತು. ಹಾಸಿಗೆಯವರು ಕೆಲಸದ ಕೋಣೆಗೆ ಹೋದರು.

ಅರ್ಧಕ್ಕೆ ನಿಂತಿದ್ದ ಹಾಸಿಗೆಯೊಂದು ನೆಲದ ಮೇಲಿತ್ತು. ದಬ್ಬಣ ಚುಚ್ಚಿ, ದಾರ ಎಳೆದು, ಗಂಟು ಬಿಗಿದರು. ಗಂಟು ಸರಿಯಾಗಿ ಕೂರಲಿಲ್ಲ. ಹಸಿರು ತೆಗೆದುಕೊಂಡರೆ ಅಲ್ಲಿ ಕ್ಯಾಂಪಿನೊಳಗೇ ಫೋನು ಮಾತಾಡುತ್ತದೆ. ಅದನ್ನು ಕೇಳಿದ ಕ್ಷಣವೇ ಹೆಂಡತಿಗೆ ಎಲ್ಲ ತಿಳಿಯುತ್ತದೆ. ಇವರೆಲ್ಲ ಇಲ್ಲೇ ಕೂತು ಮಾತಾಡುವಾಗ ನನ್ನ ಮಗನೊಬ್ಬನೇ ಯಾಕೆ ಅಲ್ಲಿ ಹತ್ತಿದ್ದ ಎಂದು ಕೇಳುತ್ತಾಳೆ. ಏನೆಂದು ಹೇಳುವುದು? ನಂಬರಿನ ಸಾಲು ಚೆನ್ನಾಗಿತ್ತು ಎಂದೇ? ಹಳದಿಯನ್ನೇ ಇಟ್ಟುಕೊಂಡರೆ ಮಗಳ ಜೀವ ಹಾರಿಹೋಗುತ್ತದೆ; ಅವಳಿಗೆ ಈಗ ಅದು ಆಗಕೂಡದು.

ಆಚೆ ಕೋಣೆಯಲ್ಲಿ ಹೆಂಡತಿ ಸಂಜೆಯ ಪ್ರಾರ್ಥನೆಗೆ ಕೂತಳು. ಅದು ಅವಳ ತಾಯಿಯಿಂದ ಬಂದ ಮನೆಮಾತಿನ ಪ್ರಾರ್ಥನೆ.

"ಮನೆಯಲ್ಲಿರೋರನ್ನ ಕಾಯಪ್ಪ."

ಆಮೇಲೆ ಸದ್ದಿಲ್ಲ. ಹಾಸಿಗೆಯವರ ಕೈ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ದಾರಿಯಲ್ಲಿರೋರನ್ನ ಕಾಯಪ್ಪ." ಮತ್ತೆ ಸದ್ದಿಲ್ಲ.

ಈಚೆಗೆ ಅವಳು ಹಾಗೆಯೇ ಹೇಳುತ್ತಿದ್ದಳು. ಮೊದಲು ನೀರು ಹರಿದ ಹಾಗೆ ಹೇಳುತ್ತಿದ್ದವಳು ಈಗ ಸಾಲು ಸಾಲಿಗೂ ನಿಲ್ಲುತ್ತಾಳೆ. ಉಸಿರು ಸಾಲುತ್ತಿಲ್ಲ ಎಂದು ಹಾಸಿಗೆಯವರಿಗೆ ಅನುಮಾನ. ಡಾಕ್ಟರಿಗೆ ತೋರಿಸೋಣ ಎಂದರೆ ಬರುವವಳಲ್ಲ. ಅಷ್ಟು ಎತ್ತರದ ಜಾಗದಲ್ಲಿ ಆ ಉಸಿರು ಏನಾದರೂ ನಿಂತರೆ ಎಂಬ ಹೊಸ ಭಯವೂ ಹಳೆಯದಕ್ಕೆ ಸೇರಿಕೊಂಡಿತು. ಅವರು ಕಣ್ಣು ಮುಚ್ಚಿ ದೇವರನ್ನು ಏನಾದರೂ ಕೇಳಬೇಕೆಂದುಕೊಂಡರು. ಏನನ್ನು ಕೇಳಬೇಕೆಂದೇ ಹೊಳೆಯಲಿಲ್ಲ.

ಮರುದಿನ ದಾರ ತರುತ್ತೇನೆಂದು ಹೇಳಿ ಹೋಗಿ ಹಸಿರು ಸಿಮ್ ಕೊಂಡರು. ಮನೆಯಲ್ಲಿ ಬಿದ್ದಿದ್ದ ಹಳೆಯ ಬಟನ್ ಫೋನಿಗೆ ಅದನ್ನು ಹಾಕಿಸಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬಂದರು. ಹೆಂಡತಿ ಹಿತ್ತಲಲ್ಲಿದ್ದಾಗ ಮಗಳ ಕಿವಿಯ ಬಳಿ ಬಗ್ಗಿ, "ಹೊಸ ನಂಬರಿಂದ ಫೋನ್ ಬಂದ್ರೆ ತೆಗಿ. ನಾನೇ. ಅಮ್ಮನಿಗೆ ಹೇಳಬೇಡ" ಎಂದರು.

"ಯಾಕಪ್ಪಾ? ಏನಿದು ಕಳ್ಳ ವ್ಯಾಪಾರ?"

"ಹೇಳಬೇಡ ಅಂದ್ರೆ ಹೇಳಬೇಡ."

ಮಗಳು ಅವರ ಮುಖವನ್ನೇ ನೋಡಿದಳು. ತಲೆಯಾಡಿಸಿದಳು.

ಗಡಿ ದಾಟಿದ ಮೇಲೆ ಬಸ್ಸು ಬರೀ ಬೆಟ್ಟ ಹತ್ತಿತು. ಹಾಸಿಗೆಯವರು ಕೈಯಲ್ಲಿದ್ದ ಹಳದಿ ಫೋನನ್ನು ಆಗಾಗ ನೋಡುತ್ತಿದ್ದರು. ಸಿಗ್ನಲ್ಲಿನ ಗೆರೆಗಳು ಒಂದು ತಿರುವಿನಲ್ಲಿ ಬರುತ್ತಿದ್ದವು, ಇನ್ನೊಂದರಲ್ಲಿ ಹೋಗುತ್ತಿದ್ದವು. ಒಂದು ಊಟದ ನಿಲ್ದಾಣದಲ್ಲಿ, ಹೆಂಡತಿ ಕೈ ತೊಳೆಯಲು ಹೋದಾಗ, ಒಳಜೇಬಿನ ಫೋನಿನಿಂದ ಮಗಳ ಜೊತೆ ಮಾತಾಡಿ ಆರಿಸಿಟ್ಟರು. ಕಿಟಕಿಯ ಹೊರಗೆ ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ. ಈ ಗುಡ್ಡವನ್ನು ಕಡಿದವನು ತಮ್ಮ ಮಗನಿರಬಹುದೇ ಎಂದು ಪ್ರತಿ ತಿರುವಿನಲ್ಲೂ ಅನ್ನಿಸುತ್ತಿತ್ತು.

"ಯಾಕೆ ಹಾಗೆ ಎದೆ ಮುಟ್ಟಿ ಮುಟ್ಟಿ ನೋಡ್ಕೋತೀರಿ? ನೋವಿದೆಯಾ?" ಎಂದು ಹೆಂಡತಿ ಕೇಳಿದಳು.

"ಇಲ್ಲ. ನಿನಗೆ ಉಸಿರು?"

"ನನ್ನ ಉಸಿರಿಗೇನಾಗಿದೆ? ಎತ್ತಿನ ಹಾಗಿದ್ದೀನಿ."

ಮಧ್ಯಾಹ್ನ ಇಳಿದ ಮೇಲೆ ಕಣಿವೆ ಬಂತು. ರಸ್ತೆಯ ಪಕ್ಕದಲ್ಲಿ ತಗಡಿನ ಶೆಡ್ಡುಗಳು, ಡೇರೆಗಳು, ಮಣ್ಣು ಮೆತ್ತಿದ ಯಂತ್ರಗಳು. ಹಿಂದೆಯೇ ಆ ಬಂಡೆ. ಹಾಸಿಗೆಯವರು ಮನಸ್ಸಿನಲ್ಲಿ ಅದನ್ನು ಬಹಳ ದೊಡ್ಡದಾಗಿ ಕಲ್ಪಿಸಿಕೊಂಡಿದ್ದರು. ಅಷ್ಟು ದೊಡ್ಡದಿರಲಿಲ್ಲ. ಅರ್ಧ ಮಣ್ಣಿನಲ್ಲಿ ಹೂತಿತ್ತು. ಮಣ್ಣಿನ ಮೇಲೆ ಆಗಲೇ ಹುಲ್ಲು ಬೆಳೆದಿತ್ತು.

ಮೇಸ್ತ್ರಿ ಓಡಿಬಂದು ಇಬ್ಬರ ಕೈಯನ್ನೂ ಹಿಡಿದುಕೊಂಡ. ದಪ್ಪ ಮೀಸೆಯ ದೊಡ್ಡ ಆಳು, ದನಿ ಮಾತ್ರ ಸಣ್ಣದು. "ಬನ್ನಿ ಅಮ್ಮಾ, ಬನ್ನಿ ಯಜಮಾನ್ರೇ. ಮೊದಲು ಬಿಸಿಯಾಗಿ ಏನಾದ್ರೂ ಕುಡೀರಿ. ಆಮೇಲೆ ಕಲ್ಲಿನ ಹತ್ರ ಹೋಗೋಣ. ಬಂಡೆ ಮೇಲೆ ಮಾತ್ರ ಯಾರನ್ನೂ ಬಿಡ್ತಿಲ್ಲ ಈಗ."

ಶೆಡ್ಡಿನ ಮುಂದೆ ಬೆಂಚು ಹಾಕಿದರು. ಹೆಂಡತಿ ಲೋಟ ಹಿಡಿದು ಬಂಡೆಯನ್ನೇ ನೋಡುತ್ತ ಕೂತಳು. ಹಾಸಿಗೆಯವರು, "ಈಗ ಬಂದೆ" ಎಂದು ಎದ್ದು, ನಿಂತಿದ್ದ ಲಾರಿಯ ಹಿಂದಕ್ಕೆ ಹೋದರು. ಒಳಜೇಬಿನ ಫೋನನ್ನು ತೆಗೆದು ಗುಂಡಿ ಒತ್ತಿದರು. ಅದು ಬೆಳಗಿತು. ಗೆರೆಗಳು ಒಂದೊಂದಾಗಿ ಎದ್ದು ಪೂರ್ತಿ ನಿಂತವು. ಇಲ್ಲಿ, ನೆಲದ ಮೇಲೆ, ಲಾರಿಯ ಚಕ್ರದ ಪಕ್ಕದಲ್ಲಿ, ಒಂದೂ ಕಡಿಮೆಯಿಲ್ಲದೆ. ಮಗಳ ನಂಬರು ಒತ್ತುವಷ್ಟರಲ್ಲಿ ಹಿಂದಿನಿಂದ, "ರೀ, ಎಲ್ಲಿದ್ದೀರಿ?" ಎಂಬ ದನಿ ಕೇಳಿತು. ಫೋನನ್ನು ಹಾಗೆಯೇ ಜೇಬಿಗೆ ತುರುಕಿಕೊಂಡು ಈಚೆ ಬಂದರು.

"ಮಗಳು ಕಾಯ್ತಿರ್ತಾಳೆ. ಫೋನ್ ಮಾಡಿ ಅಂದೆ."

"ಇಲ್ಲಿ ಸಿಗಲ್ಲ. ನೋಡು." ಹಳದಿ ಫೋನನ್ನು ಅವಳ ಮುಂದೆ ಹಿಡಿದರು. "ನೀನು ಇಲ್ಲೇ ಕೂತಿರು. ನಾನು ಸ್ವಲ್ಪ ಮೇಲಕ್ಕೆ ಹೋಗಿ..."

ಅದೇ ಹೊತ್ತಿಗೆ ಪಕ್ಕದ ಡೇರೆಯಿಂದ ನಗು ಬಂತು. ಪರದೆಯನ್ನು ಮೇಲಕ್ಕೆತ್ತಿ ಕಟ್ಟಿದ್ದರು. ಕ್ಯಾಂಪಿನ ಅಡುಗೆಯವನು ಮಂಚದ ಮೇಲೆ ಅಂಗಾತ ಮಲಗಿ, ಕಾಲ ಮೇಲೆ ಕಾಲು ಹಾಕಿ, ಫೋನಿನಲ್ಲಿ ಯಾರನ್ನೋ ರೇಗಿಸುತ್ತಿದ್ದ. "ಕೇಳಿಸ್ತಾ ಇದೆ, ಕೇಳಿಸ್ತಾ ಇದೆ, ಪಕ್ಕದಲ್ಲೇ ಕೂತ ಹಾಗೆ ಕೇಳಿಸ್ತಾ ಇದೆ. ನಿನ್ನ ಗೊರಕೆನೂ ಕೇಳಿಸುತ್ತೆ!"

ಹೆಂಡತಿ ಆ ಕಡೆ ತಿರುಗಿದಳು. ಸ್ವಲ್ಪ ಹೊತ್ತು ನೋಡಿದಳು. ಏನಾದರೂ ಹೇಳಬೇಕು, ಏನಾದರೂ, ಎಂದು ಹಾಸಿಗೆಯವರು ಹುಡುಕುತ್ತಿರುವಾಗಲೇ ಅವರ ಎದೆಯ ಹತ್ತಿರ ಒಳಜೇಬು ಕಿಣಿಕಿಣಿ ಎಂದು ಸದ್ದು ಮಾಡತೊಡಗಿತು.

ಹಳೆಯ ಫೋನು, ಅದರ ಸದ್ದೂ ಜೋರು. ಅಡುಗೆಯವನು ಕೂಡ ತಲೆಯೆತ್ತಿ ನೋಡಿದ. ಹಾಸಿಗೆಯವರು ಎದೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದರು, ಒತ್ತಿದರೆ ನಿಲ್ಲುತ್ತದೆಯೋ ಎಂಬಂತೆ.

"ತೆಗೀರಿ," ಎಂದಳು ಹೆಂಡತಿ. "ಹಸಿರಲ್ವಾ?"

ಆಕೆಯೇ ಅವರ ಜೇಬಿಗೆ ಕೈ ಹಾಕಿ ಫೋನನ್ನು ತೆಗೆದು ಕಿವಿಗೆ ಹಿಡಿದಳು. "ಹೂಂ ಕಣೇ, ನಾನೇ. ಬಂದು ಸೇರಿದ್ವಿ. ಇಲ್ಲ, ಎಲ್ಲೂ ಹತ್ತಿಲ್ಲ, ಕೆಳಗೇ ಇದ್ದೀವಿ. ಕಾಲು ಊತ ಇಳೀತಾ? ಎಡಗಡೆ ತಿರುಗಿ ಮಲಗು. ನಿಮ್ಮಪ್ಪ ಇಲ್ಲೇ ನಿಂತಿದ್ದಾರೆ, ಕಳ್ಳನ ಹಾಗೆ." ಅತ್ತ ಮಗಳು ಏನೋ ಹೇಳಿ ಅತ್ತಳೋ ನಕ್ಕಳೋ. ಹೆಂಡತಿ ಫೋನನ್ನು ಆರಿಸಿ ತನ್ನ ಕೈಚೀಲದಲ್ಲಿ ಹಾಕಿಕೊಂಡಳು.

ಇಬ್ಬರೂ ಕಲ್ಲಿನ ಕಡೆಗೆ ನಡೆದರು. ಮೇಸ್ತ್ರಿ ಹಿಂದೆ ಬರಲು ಹೊರಟವನು, ಏನನ್ನಿಸಿತೋ, ಅಲ್ಲೇ ನಿಂತ.

"ಅಂಗಡಿಯಿಂದ ಬಂದಾಗಿನಿಂದ ನಿಮ್ಮ ಮುಖ ನೋಡ್ತಾ ಇದ್ದೀನಿ," ಎಂದಳು ಹೆಂಡತಿ. "ದಬ್ಬಣ ಚುಚ್ಚಿಕೊಂಡೋರ ಹಾಗೆ. ಅದಕ್ಕೇ ಹೋಗಬೇಡಿ ಅಂದಿದ್ದು."

"ನಿನಗೆ ಮೊದಲೇ ಗೊತ್ತಿತ್ತಾ?"

"ಅವನ ಹತ್ರಾನೂ ಹಸಿರಿತ್ತು. ಇಲ್ಲಿಗೆ ಬಂದ ಹೊಸದರಲ್ಲೇ ತಗೊಂಡಿದ್ದ. 'ಅಪ್ಪನಿಗೆ ಹೇಳಬೇಡಮ್ಮ, ಸಾಲು ಸಾಲು ಅಂತ ಬೇಜಾರು ಮಾಡ್ಕೋತಾರೆ' ಅಂದ. ನಾನು ಹೇಳಲಿಲ್ಲ."

ಹಾಸಿಗೆಯವರು ನಿಂತರು. "ಮತ್ತೆ ಅವನು ಯಾಕೆ..."

"ಡೇರೆಯಲ್ಲಿ ಅಷ್ಟು ಜನ ಇರ್ತಿದ್ರಲ್ಲ. ಸಂಜೆ ಫೋನಲ್ಲಿ ನನ್ನ ಹಿಂದೆ ಸಾಲು ಸಾಲಾಗಿ ಪ್ರಾರ್ಥನೆ ಹೇಳು ಅಂತ ನಾನೇ ಹಟ ಹಿಡಿದಿದ್ದೆ. ಅವರ ಮುಂದೆ ಹೇಳೋಕೆ ಅವನಿಗೆ ನಾಚಿಕೆ. ಗೇಲಿ ಮಾಡ್ತಾರಂತೆ. 'ಮೇಲೆ ಯಾರೂ ಇರಲ್ಲಮ್ಮ, ಜೋರಾಗಿ ಹೇಳಬಹುದು' ಅಂತಿದ್ದ." ಆಕೆ ಸೆರಗನ್ನು ಕಿವಿಯವರೆಗೂ ಎಳೆದುಕೊಂಡಳು. "ನಾನು ಹೇಳು ಅನ್ನದೇ ಇದ್ದಿದ್ರೆ ಕೆಳಗೇ ಇರ್ತಿದ್ದ."

ಹಾಸಿಗೆಯವರು ಹೆಂಡತಿಯ ಮುಖವನ್ನು ನೋಡಿದರು. ಇದು ನಿಜವೋ, ತಮ್ಮ ಮೇಲಿನ ಹೊರೆಯನ್ನು ಎತ್ತಿ ತನ್ನ ಮೇಲೆ ಹಾಕಿಕೊಳ್ಳುವುದಕ್ಕೆ ಈಗ ಕಟ್ಟಿದ ಮಾತೋ ತಿಳಿಯಲಿಲ್ಲ. ಇವಳಿಂದ ಆಗದ ಕೆಲಸವೇನಲ್ಲ ಅದು. ಕಾಯಿಲೆ ಬಿದ್ದಾಗ ತನಗೇನೂ ಇಲ್ಲವೆಂದು ಹೇಳಿಕೊಂಡು ಮನೆ ನಡೆಸಿದವಳು. ಹಿಂದಿರುಗಿ ಮೇಸ್ತ್ರಿಯನ್ನು ಕೇಳಬಹುದಿತ್ತು, ನನ್ನ ಮಗನ ಹತ್ತಿರ ಎರಡು ಸಿಮ್ ಇತ್ತೇ ಎಂದು. ಮೇಸ್ತ್ರಿ ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದ. ಹಾಸಿಗೆಯವರು ಕೇಳಲಿಲ್ಲ.

ಕಲ್ಲು ಮೊಣಕಾಲಿನಷ್ಟು ಎತ್ತರವಿತ್ತು. ಅಕ್ಷರಗಳನ್ನು ಕಲ್ಲುಕುಟಿಗನಲ್ಲದ ಯಾರೋ ಕೊರೆದಿದ್ದರು; ಸೊಟ್ಟಗಿದ್ದವು, ಆದರೆ ಆಳವಾಗಿದ್ದವು. ಹೆಂಡತಿ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕೂತಳು. ಅಕ್ಷರಗಳೊಳಗಿನ ಮಣ್ಣನ್ನು ಸೆರಗಿನ ತುದಿಯಿಂದ ತೆಗೆದಳು. ಹಾಸಿಗೆಯವರು ಅವಳ ಹಿಂದೆ ನಿಂತರು. ಬಂಡೆಯ ನೆತ್ತಿಯ ಮೇಲೆ ಮಾತ್ರ ಇನ್ನೂ ಬಿಸಿಲಿತ್ತು. ಕೆಳಗೆ ಯಾರೋ ಯಂತ್ರವೊಂದನ್ನು ನಿಲ್ಲಿಸಿದರು; ಕಣಿವೆ ನಿಶ್ಶಬ್ದವಾಯಿತು.

"ಮನೆಯಲ್ಲಿರೋರನ್ನ ಕಾಯಪ್ಪ," ಎಂದಳು ಹೆಂಡತಿ.

ಆಮೇಲೆ ಮಾತು ನಿಲ್ಲಿಸಿದಳು. ಹಾಸಿಗೆಯವರು ಅಭ್ಯಾಸದಿಂದ ಅವಳ ಬೆನ್ನನ್ನು ನೋಡಿದರು. ಬೆನ್ನು ಏರಿಳಿಯುತ್ತಿರಲಿಲ್ಲ. ಉಸಿರಿಗೆ ಕಷ್ಟಪಡುವವರ ಬೆನ್ನಲ್ಲ ಅದು. ಆಕೆ ತಲೆಯನ್ನು ಒಂದಿಷ್ಟು ಓರೆ ಮಾಡಿದ್ದಳು, ಕಿವಿಗೆ ಏನನ್ನೋ ಹಿಡಿದವರ ಹಾಗೆ. ಒಂದು ಸಾಲು ಹೇಳಿ ಮುಗಿಸಲು ಬೇಕಾಗುವಷ್ಟು ಹೊತ್ತು ಹಾಗೆಯೇ ಇದ್ದು, ಮುಂದಿನದನ್ನು ಹೇಳಿದಳು.

"ದಾರಿಯಲ್ಲಿರೋರನ್ನ ಕಾಯಪ್ಪ."

ಮತ್ತೆ ಅಷ್ಟೇ ಬಿಡುವು. ಗಾಳಿ ಹುಲ್ಲನ್ನು ಒಂದು ಕಡೆಗೆ ಒರಗಿಸಿ ಹೋಯಿತು. ಹಾಸಿಗೆಯವರು ಬಾಯಿ ತೆರೆದರು.

"ದಾರಿಯಲ್ಲಿರೋರನ್ನ ಕಾಯಪ್ಪ," ಎಂದರು.

ಆಕೆ ತಿರುಗಿ ನೋಡಲಿಲ್ಲ. ಮುಂದಿನ ಸಾಲನ್ನು ಹೇಳಿ, ಕಾದಳು.